ತಲಪಾಡಿಯ ಆಚೆ ಕೇಸು, ಈಚೆ ಮನೆ: ಬೇಲ್ ಕೊಡುವಾಗ ಕೋರ್ಟು ಏನು ನೋಡುತ್ತದೆ?

ಪ್ರಶ್ನೆ: ನಾವು ತಲಪಾಡಿ ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನವರು. ನನ್ನ ತಮ್ಮ ಮಂಗಳೂರು ಕಡೆ ಒಂದು ಟೈಲ್ಸ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ. ಕಳೆದ ತಿಂಗಳು ಅಲ್ಲಿ ಗಾಡಿ ನಿಲ್ಲಿಸುವ ವಿಷಯಕ್ಕೆ ಜಗಳವಾಗಿ ಒಬ್ಬರ ತಲೆಗೆ ಪೆಟ್ಟಾಯಿತು. ನಾಲ್ವರ ಮೇಲೆ ಕೊಲೆ ಯತ್ನದ ಕೇಸು ಹಾಕಿದ್ದಾರೆ. ತಮ್ಮ ಎ-3, ಅಂದರೆ ಮೂರನೇ ಆರೋಪಿ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿ ವಜಾ ಆಯಿತು. ಎ-4ಗೆ ಸೆಷನ್ಸ್ ಕೋರ್ಟಿನಲ್ಲಿ ಸಿಕ್ಕಿದೆ. 'ಇವನು ಕೇರಳದವನು, ಬಿಟ್ಟರೆ ಗಡಿ ದಾಟಿ ಹೋಗುತ್ತಾನೆ' ಎಂದು ಸರ್ಕಾರಿ ವಕೀಲರು ಹೇಳಿದರಂತೆ. ನಮ್ಮ ತೀರ್ವೆ (ಭೂಕಂದಾಯ) ರಶೀದಿ ಅಲ್ಲಿ ನಡೆಯುವುದಿಲ್ಲ ಎಂದೂ ಕೆಲವರು ಹೆದರಿಸುತ್ತಾರೆ. ಈಗ ದುಬೈನಿಂದ ರಜೆಯಲ್ಲಿ ಬಂದಿರುವ ನಮ್ಮ ಚಿಕ್ಕಪ್ಪನ ಮಗನ ಹೆಸರನ್ನೂ ಸೇರಿಸುತ್ತಾರೆಂಬ ಸುದ್ದಿ. ಜಡ್ಜ್ ಇದನ್ನೆಲ್ಲ ಹೇಗೆ ತೀರ್ಮಾನಿಸುತ್ತಾರೆ? ಚಿಕ್ಕಪ್ಪನ ಮಗನಿಗೆ ಕಾಸರಗೋಡಿನಲ್ಲೇ ನಿರೀಕ್ಷಣಾ ಜಾಮೀನು ಸಿಗುತ್ತದಾ?

ಉತ್ತರ: ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ವಜಾ ಆದದ್ದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದು ನಿಮ್ಮ ತಮ್ಮನ ಬಗ್ಗೆ ಕೊಟ್ಟ ತೀರ್ಪಲ್ಲ. ಕೊಲೆ ಯತ್ನ ಎಂದರೆ ಈಗ ಭಾರತೀಯ ನ್ಯಾಯ ಸಂಹಿತೆಯ 109ನೇ ಸೆಕ್ಷನ್. ಹತ್ತು ವರ್ಷದವರೆಗೆ ಶಿಕ್ಷೆ, ಗಾಯವಾಗಿದ್ದರೆ ಜೀವಾವಧಿಯವರೆಗೂ ಹೋಗಬಹುದು. ವಿಚಾರಣೆ ನಡೆಯುವುದು ಸೆಷನ್ಸ್ ಕೋರ್ಟಿನಲ್ಲಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಕೇಸಿನಲ್ಲಿ ಆರೋಪಿ ಮಾಡಿರಬಹುದು ಎಂದು ನಂಬಲು ಕಾರಣ ಕಂಡರೆ ಮ್ಯಾಜಿಸ್ಟ್ರೇಟರ ಕೈ ಕಟ್ಟಿದಂತೆಯೇ. ಹೆಂಗಸರಿಗೆ, ಮಕ್ಕಳಿಗೆ, ಕಾಯಿಲೆಯವರಿಗೆ ಮಾತ್ರ ಸ್ವಲ್ಪ ದಾರಿ ಬಿಟ್ಟಿದ್ದಾರೆ. ಹಾಗಾಗಿ ಇಂಥ ಕೇಸುಗಳಲ್ಲಿ ಅಲ್ಲಿ ವಜಾ ಆಗುವುದು ಮಾಮೂಲು. ನಿಜವಾದ ವಾದ ಶುರುವಾಗುವುದು ಸೆಷನ್ಸ್‌ನಲ್ಲಿ.

ಸೆಕ್ಷನ್ ನಂಬರಿನ ಗೊಂದಲವೂ ಇರಬಹುದು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿದೆ. ವಕೀಲರು ಬಾಯಿ ರೂಢಿಗೆ ಇನ್ನೂ 437, 438, 439 ಎನ್ನುತ್ತಾರೆ. ಅವೇ ಈಗ 480, 482, 483. ಮ್ಯಾಜಿಸ್ಟ್ರೇಟರು ಕೊಡುವ ಜಾಮೀನು 480. ಅರೆಸ್ಟಿಗೆ ಮೊದಲೇ ಕೇಳುವ ನಿರೀಕ್ಷಣಾ ಜಾಮೀನು 482. ಸೆಷನ್ಸ್ ಕೋರ್ಟು ಮತ್ತು ಹೈಕೋರ್ಟಿನ ವಿಶೇಷ ಅಧಿಕಾರ 483. ನಿಮಗೆ ಈಗ ಬೇಕಾಗಿರುವುದು ತಮ್ಮನಿಗೆ 483, ಚಿಕ್ಕಪ್ಪನ ಮಗನಿಗೆ 482.

ಈಗ ನಿಮ್ಮ ಮುಖ್ಯ ಪ್ರಶ್ನೆ. ಜಾಮೀನು ಅರ್ಜಿ ಕೇಳುವ ಜಡ್ಜ್, ಇವನು ಹೊಡೆದನೋ ಇಲ್ಲವೋ ಎಂದು ತೀರ್ಮಾನಿಸುವುದಿಲ್ಲ. ಅದು ಸಾಕ್ಷಿ ವಿಚಾರಣೆಯ ನಂತರದ ಮಾತು. ಈಗ ಅವರು ನೋಡುವುದು, ಇವನನ್ನು ಒಳಗೇ ಇಡುವ ಅಗತ್ಯ ಇದೆಯಾ ಎಂದು. ಕರೆದಾಗ ಕೋರ್ಟಿಗೆ ಬರುತ್ತಾನಾ? ಸಾಕ್ಷಿಗಳನ್ನು ಹೆದರಿಸುತ್ತಾನಾ, ಪುರಾವೆ ಹಾಳು ಮಾಡುತ್ತಾನಾ? ಹೊರಗೆ ಬಂದು ಮತ್ತೆ ಇಂಥದ್ದೇ ಮಾಡುತ್ತಾನಾ? ಇದರ ಜೊತೆ ಆರೋಪ ಎಷ್ಟು ಗಂಭೀರ, ಮೇಲ್ನೋಟಕ್ಕೆ ಆಧಾರ ಇದೆಯಾ, ಶಿಕ್ಷೆ ಎಷ್ಟು ಎನ್ನುವುದನ್ನೂ ತೂಗುತ್ತಾರೆ. 'ನನ್ನ ತಮ್ಮ ಏನೂ ಮಾಡಿಲ್ಲ' ಎಂದು ಮನೆಯವರು ವಕೀಲರ ಹತ್ತಿರ ಗಂಟೆಗಟ್ಟಲೆ ಹೇಳುತ್ತಾರೆ. ಕೇಳಬೇಕಾದ ಮಾತೇ. ಆದರೆ ಬೇಲ್ ಅರ್ಜಿಗೆ ಅದರಿಂದ ಸಿಗುವ ಬಲ ಕಡಿಮೆ.

ಜಡ್ಜರ ಮೇಜಿನ ಮೇಲೆ ಇರುವ ಕಾಗದ ಹೆಚ್ಚೇನಿಲ್ಲ. ಎಫ್‌ಐಆರ್, ಜೊತೆಗೆ ಅಂಟಿಸಿದ ದೂರು, ರಿಮಾಂಡ್ ಅರ್ಜಿ (ಆರೋಪಿಯನ್ನು ಬಂಧನದಲ್ಲಿಡಲು ಪೊಲೀಸರು ಕೇಳಿದ್ದು), ಸರ್ಕಾರಿ ವಕೀಲರ ತಕರಾರು, ಮತ್ತೆ ವೂಂಡ್ ಸರ್ಟಿಫಿಕೇಟ್. ಬೇಕೆಂದರೆ ಕೇಸ್ ಡೈರಿಯನ್ನೂ ತರಿಸಿ ನೋಡಬಹುದು. ಹೊಡೆದಾಟದ ಕೇಸುಗಳಲ್ಲಿ ಅರ್ಧ ವಾದ ಆ ವೂಂಡ್ ಸರ್ಟಿಫಿಕೇಟಿನ ಮೇಲೇ ನಡೆಯುತ್ತದೆ. ಅದರಲ್ಲಿ ಗಾಯ ಎಲ್ಲಿ, ಎಷ್ಟು ಉದ್ದ, ಎಷ್ಟು ಆಳ, ಒಂದೇ ಪೆಟ್ಟಾ ಹಲವಾ, ಎಂಥ ಆಯುಧದಿಂದ ಆಗಿರಬಹುದು, ಸಾಧಾರಣವೋ ಗಂಭೀರವೋ ಎಂದು ಡಾಕ್ಟರು ಬರೆದಿರುತ್ತಾರೆ. ತಲೆಯ ಚರ್ಮ ಸೀಳಿ ನಾಲ್ಕು ಹೊಲಿಗೆ ಬಿದ್ದು, ಸ್ಕ್ಯಾನ್‌ನಲ್ಲಿ ಮೂಳೆಗೆ ಏನೂ ಆಗಿಲ್ಲ ಎಂದಿದ್ದು, ಗಾಯಾಳು ಮೂರು ದಿನದಲ್ಲಿ ಮನೆಗೆ ಹೋಗಿದ್ದರೆ, ಕೊಲ್ಲುವ ಉದ್ದೇಶ ಎಲ್ಲಿತ್ತು ಎಂದು ನಿಮ್ಮ ವಕೀಲರು ಗಟ್ಟಿಯಾಗಿ ಕೇಳಬಹುದು. ಜಡ್ಜ್ ಅಲ್ಲೇ 109 ತೆಗೆದುಹಾಕುವುದಿಲ್ಲ. ಆದರೆ ತಕ್ಕಡಿ ನಿಮ್ಮ ಕಡೆಗೆ ವಾಲುತ್ತದೆ. ಗಾಯಾಳು ಇನ್ನೂ ಐಸಿಯುನಲ್ಲಿದ್ದರೆ ಮಾತು ಬೇರೆ. ಆಗ ಅವಸರ ಮಾಡಿ ಅರ್ಜಿ ಹಾಕಿ ವಜಾ ಮಾಡಿಸಿಕೊಳ್ಳುವುದಕ್ಕಿಂತ ಡಿಸ್ಚಾರ್ಜ್ ಆಗುವವರೆಗೆ ಕಾಯುವುದು ಬುದ್ಧಿವಂತಿಕೆ. ಇದನ್ನು ಹೇಳಿದರೆ ಮನೆಯವರಿಗೆ ಸಿಟ್ಟು ಬರುತ್ತದೆ, ಗೊತ್ತು.

ಇನ್ನು ಎ-4ಗೆ ಸಿಕ್ಕಿದ್ದು ನಿಮಗೆ ಸಹಾಯ ಮಾಡುತ್ತದಾ? ಮಾಡಬಹುದು, ತನ್ನಷ್ಟಕ್ಕೆ ಅಲ್ಲ. ಒಂದೇ ಕೇಸಿನವರನ್ನು ಒಂದೇ ರೀತಿ ನೋಡಬೇಕು ಎಂಬ ತತ್ವ ಇದೆ. ಆದರೆ ಕೋರ್ಟು ನೋಡುವುದು ಕೇಸ್ ನಂಬರನ್ನಲ್ಲ, ಯಾರು ಏನು ಮಾಡಿದರು ಎಂಬುದನ್ನು. ಎ-1 ರಾಡಿನಿಂದ ಹೊಡೆದ, ಎ-2 ಹಿಡಿದುಕೊಂಡ, ಎ-3 ಮತ್ತು ಎ-4 ಕೈಯಿಂದ ದೂಡಿದರು ಎಂದು ದೂರಿನಲ್ಲಿದ್ದರೆ ನಿಮ್ಮ ತಮ್ಮನ ಕೇಸು ಹೆಚ್ಚುಕಡಿಮೆ ಎ-4ನದೇ. ಎ-3 ಕೈಯಲ್ಲಿ ಟೈಲ್ಸ್ ತುಂಡು ಇತ್ತು ಎಂದು ಬರೆದಿದ್ದರೆ ಆ ಆದೇಶದಿಂದ ಪ್ರಯೋಜನ ಕಡಿಮೆ. ಎ-4ನ ಆದೇಶದ ಪ್ರತಿ ತರಿಸಿ. ಜಾಮೀನು ಯಾಕೆ ಕೊಟ್ಟರು ಎಂಬ ಪ್ಯಾರಾ ಅದರಲ್ಲಿ ಇರುತ್ತದೆ. ಅದನ್ನು ಮುಂದಿಟ್ಟು ಓದಿಸಿದರೆ ಹತ್ತು ನಿಮಿಷದ ವಾದ ಉಳಿತಾಯವಾಗುತ್ತದೆ.

ತನಿಖೆ ಎಲ್ಲಿಗೆ ಬಂದಿದೆ ಎನ್ನುವುದೂ ಮುಖ್ಯ. ರಾಡ್ ಸಿಕ್ಕಿದೆಯಾ, ಸಿಸಿಟಿವಿ ವಶಕ್ಕೆ ತಗೊಂಡಿದ್ದಾರಾ, ಸಾಕ್ಷಿಗಳ ಹೇಳಿಕೆ ಆಗಿದೆಯಾ? ಆಗಿದ್ದರೆ ಹಾಳು ಮಾಡಲು ಉಳಿದಿರುವುದು ಕಡಿಮೆ. ಹೊಸ ಕಾನೂನಿನಲ್ಲಿ ಪೊಲೀಸ್ ಕಸ್ಟಡಿಯ ಹದಿನೈದು ದಿನವನ್ನು ಬಿಡಿಬಿಡಿಯಾಗಿ, ಮೊದಲ ನಲವತ್ತು ಅಥವಾ ಅರವತ್ತು ದಿನದೊಳಗೆ ಕೇಳಬಹುದು. ಹಾಗೆ ಮುಂದೆ ಕೇಳಬೇಕಾಗಬಹುದು ಎನ್ನುವುದೊಂದೇ ಜಾಮೀನು ನಿರಾಕರಿಸಲು ಸಾಕಾಗುವುದಿಲ್ಲ ಎಂದು 480ನೇ ಸೆಕ್ಷನ್ನೇ ಹೇಳುತ್ತದೆ. ಪೊಲೀಸರ ತಕರಾರಿನಲ್ಲಿ ಈ ಸಾಲು ಕಂಡರೆ ವಕೀಲರಿಗೆ ನೆನಪಿಸಿ.

ಈಗ ಗಡಿಯ ವಿಷಯ. ಸರ್ಕಾರಿ ವಕೀಲರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹೆದರಲೂ ಬೇಡಿ. ಇದಕ್ಕೆ ಉತ್ತರ ಹಳೆಯದು. 1978ರ ಮೋತಿರಾಮ್ ಕೇಸಿನಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಜಾಮೀನು ಕೇಳಿದ್ದರು. ಅವನ ಸಹೋದರ ಜಾಮೀನು ನಿಲ್ಲಲು ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿದರು. ನಮ್ಮ ಪಕ್ಕದ ತಲಶ್ಶೇರಿಯಲ್ಲಿ ವಕೀಲಿಕೆ ಮಾಡಿದವರು ಅವರು, ಗಡಿ ಭಾಗದ ಕಷ್ಟ ಗೊತ್ತಿತ್ತೋ ಏನೋ. ಒಬ್ಬ ಮಲಯಾಳಿ, ಒಬ್ಬ ಕನ್ನಡಿಗ, ತಮಿಳಿನವನು, ಆಂಧ್ರದವನು ದೂರದ ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಅರೆಸ್ಟ್ ಆದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂಬುದು ಅವರ ಪ್ರಶ್ನೆ. ಮಂಜೇಶ್ವರದವನಿಗೆ ಮಂಗಳೂರು ಬಸ್ತಾರ್ ಅಲ್ಲ. ಬೆಳಿಗ್ಗೆ ಬಸ್ ಹತ್ತಿ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವ ದೂರ. ಸಾವಿರಾರು ಜನ ದಿನಾ ಮಾಡುವುದು ಅದನ್ನೇ, ಅಲ್ವಾ?

2023ರ ಜನವರಿ 31ರ ಆದೇಶದಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಡಿಸಿ ಹೇಳಿದೆ. ಜಾಮೀನು ಸಿಕ್ಕರೂ ಹೊರಗೆ ಬರಲಾಗದವರಿಗೆ ಒಂದು ದೊಡ್ಡ ಅಡ್ಡಿ ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟ, ಅಂಥ ಕಡೆ ಆ ಷರತ್ತು ಹಾಕದಿರಬಹುದು ಎಂದಿದೆ. ಆದೇಶವಾಗಿ ಒಂದು ತಿಂಗಳಾದರೂ ಜಾಮೀನು ಒದಗಿಸಲಾಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟೇ ಯೋಚಿಸಬಹುದು. ಜಾಮೀನುದಾರರನ್ನು ಹೊಂದಿಸಿಕೊಳ್ಳಲು ಕೆಲವು ದಿನದ ತಾತ್ಕಾಲಿಕ ಜಾಮೀನನ್ನೂ ಕೊಡಬಹುದು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು.

ಆದರೆ ತೀರ್ಪು ಒಂದು, ಕೌಂಟರಿನ ಗುಮಾಸ್ತರು ಇನ್ನೊಂದು. ಅಲ್ಲಿಯವರಿಗೆ ಅಭ್ಯಾಸ ಇರುವುದು ಪಹಣಿ ನೋಡಿ. ನಮ್ಮ ವಿಲೇಜ್ ಆಫೀಸಿನ ತೀರ್ವೆ ರಶೀದಿ ಮಲಯಾಳದಲ್ಲಿರುತ್ತದೆ. ಅದನ್ನು ಹಾಗೇ ಚಾಚಿದರೆ 'ಇದೇನು?' ಎಂಬ ಪ್ರಶ್ನೆ ಬರುವುದು ಸಹಜ. ಕನ್ನಡಕ್ಕೆ ಅನುವಾದಿಸಿ ನೋಟರಿ ಮಾಡಿಸಿ. ಈ ವರ್ಷದ್ದೇ ರಶೀದಿ ಬೇಕು, ಹಳೆಯದು ಬೇಡ. ಆಧಾರದ ಪ್ರತಿ, ಅಂದರೆ ಜಾಗದ ದಾಖಲೆ, ಪೊಸೆಶನ್ ಸರ್ಟಿಫಿಕೇಟ್, ಜಾಮೀನುದಾರರ ಆಧಾರ್ ಕಾರ್ಡು, ರೇಷನ್ ಕಾರ್ಡು ಇಟ್ಟುಕೊಳ್ಳಿ. ಇದು ಜಾಮೀನುದಾರರಿಗೆ. ತಮ್ಮ ಓಡಿಹೋಗುವವನಲ್ಲ ಎನ್ನಲು ಬೇರೆ ಕಾಗದ ಬೇಕು, ಅದನ್ನು ಅರ್ಜಿಯ ಜೊತೆಗೇ ಹಾಕಿಸಿ: ಮನೆ ಯಾರ ಹೆಸರಿನಲ್ಲಿದೆ, ಅಂಗಡಿಯಲ್ಲಿ ಎಷ್ಟು ವರ್ಷದಿಂದ ಇದ್ದಾನೆ ಎಂಬ ಮಾಲೀಕರ ಪತ್ರ, ಇಎಸ್‌ಐ ಇದ್ದರೆ ಅದು, ಅಮ್ಮನ ಚಿಕಿತ್ಸೆಯ ಚೀಟಿ, ಮಕ್ಕಳ ಶಾಲೆ. 'ಕೇರಳದವನು' ಎಂಬ ಒಂದು ಪದಕ್ಕೆ ಎದುರಾಗಿ ಇಂಥ ಏಳೆಂಟು ಹಾಳೆ ಇದ್ದರೆ ಜಡ್ಜರಿಗೆ ಆದೇಶದಲ್ಲಿ ಬರೆಯಲು ಏನಾದರೂ ಸಿಗುತ್ತದೆ. ಬಾಯಿಮಾತಿನಲ್ಲಿ 'ನಮ್ಮ ಕಕ್ಷಿದಾರ ಮರ್ಯಾದಸ್ಥ ಕುಟುಂಬದವನು' ಎಂದರೆ ಬರೆಯಲು ಏನೂ ಸಿಗುವುದಿಲ್ಲ.

ಜಾಮೀನುದಾರರಾಗಿ ಬರುವವರಿಗೆ ಮೊದಲೇ ಹೇಳಿಡಿ, ಕಟಕಟೆಯಲ್ಲಿ ನಿಂತು ಉತ್ತರ ಕೊಡಬೇಕಾಗುತ್ತದೆ. ಆರೋಪಿ ನಿಮಗೇನಾಗಬೇಕು? ಎಲ್ಲಿರುತ್ತಾನೆ? ಬಾರದಿದ್ದರೆ ಹಣ ನೀವು ಕಟ್ಟಬೇಕು, ಗೊತ್ತಾ? ಇದುವರೆಗೆ ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀರಾ? ಕೊನೆಯದನ್ನು ಕಾನೂನೇ ಬರೆದುಕೊಡಲು ಹೇಳುತ್ತದೆ, ಸುಳ್ಳು ಬರೆಯಬಾರದು. ಸೋದರಮಾವನೋ ನೆರೆಮನೆಯವರೋ ಬಂದರೆ ಇದೆಲ್ಲ ಎರಡು ನಿಮಿಷದ ಕೆಲಸ. ಕೋರ್ಟಿನ ಹೊರಗೆ 'ಇಷ್ಟು ಕೊಡಿ, ಇಲ್ಲಿನ ಪಹಣಿ ಇರುವ ಜನ ನಾನು ಕೊಡುತ್ತೇನೆ' ಎಂದು ಬರುವವರ ಸಹವಾಸ ಮಾತ್ರ ಬೇಡ. ಆ ಪಹಣಿ ಎಷ್ಟೋ ಸಲ ನಕಲಿ. ಸಿಕ್ಕಿಬಿದ್ದರೆ ತಮ್ಮನ ಜಾಮೀನೂ ಹೋಗುತ್ತದೆ, ಹೊಸ ಕೇಸೂ ಬೀಳುತ್ತದೆ. ಜಾಮೀನುದಾರರ ಬದಲು ನಗದು ಠೇವಣಿಗೆ ಅವಕಾಶ ಕೇಳಬಹುದು. ಹಲವು ರಾಜ್ಯಗಳಲ್ಲಿ ಕೇಸಿದ್ದ ಒಬ್ಬರಿಗೆ ಪ್ರತಿ ಕೇಸಿಗೂ ಬೇರೆ ಬೇರೆ ಜಾಮೀನುದಾರರು ಸಿಗದೆ ಹೋದಾಗ, 2024ರ ಆಗಸ್ಟಿನಲ್ಲಿ ಗಿರೀಶ್ ಗಾಂಧಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಅದೇ ಜಾಮೀನುದಾರರು ಎಲ್ಲದಕ್ಕೂ ಸಾಕು ಎಂದಿತು. ತೀರಿಸಲಾಗದಷ್ಟು ಭಾರದ ಜಾಮೀನು ಜಾಮೀನೇ ಅಲ್ಲ ಎಂಬುದು ಅಲ್ಲಿನ ತಿರುಳು.

ಷರತ್ತುಗಳನ್ನು ಓದದೆ ಸಂತೋಷಪಡುವವರೇ ಜಾಸ್ತಿ. 'ಅನುಮತಿಯಿಲ್ಲದೆ ಕೋರ್ಟಿನ ವ್ಯಾಪ್ತಿ ಬಿಟ್ಟು ಹೋಗಬಾರದು' ಎಂಬ ಸಾಲು ಬೇಲ್ ಆದೇಶಗಳಲ್ಲಿ ಅಚ್ಚು ಹಾಕಿದಂತೆ ಬರುತ್ತದೆ. ಮಂಗಳೂರಿನವನಿಗೆ ಅದು ಏನೂ ಅಲ್ಲ. ನಿಮ್ಮ ತಮ್ಮ ಜೈಲಿನಿಂದ ಹೊರಬಂದು ತಲಪಾಡಿ ದಾಟಿ ಮನೆಗೆ ಹೋದರೆ ಅದೇ ಷರತ್ತಿನ ಉಲ್ಲಂಘನೆ! ವಾದದ ದಿನವೇ ವಕೀಲರು ಇದನ್ನು ಎತ್ತಬೇಕು. ಕಾಸರಗೋಡು ಜಿಲ್ಲೆಯ ಮನೆಯ ವಿಳಾಸ ಬರೆದು, ಅಲ್ಲಿ ವಾಸಕ್ಕೆ ಅನುಮತಿ ಎಂದು ಆದೇಶದಲ್ಲೇ ಸೇರಿಸಿಸಿ. ಮರೆತಿದ್ದರೆ ಷರತ್ತು ಬದಲಿಸಲು ಕೂಡಲೇ ಅರ್ಜಿ ಹಾಕಿ. ವಾರಕ್ಕೊಮ್ಮೆ ಸ್ಟೇಷನ್ನಿಗೆ ಹೋಗಿ ಸಹಿ ಹಾಕುವ ಷರತ್ತಿದ್ದರೆ ಸುಮ್ನೆ ಹೋಗಿ ಹಾಕಿ ಬರಲಿ. ಒಂದು ಭಾನುವಾರ ತಪ್ಪಿದರೂ ಜಾಮೀನು ರದ್ದು ಮಾಡಿಸಲು ಅದೇ ಸಾಕ್ಷಿ. ಸ್ಟೇಷನ್ನಿಗೆ ಗೂಗಲ್ ಮ್ಯಾಪ್ ಲೊಕೇಶನ್ ದಿನವಿಡೀ ಹಂಚಿಕೊಳ್ಳಬೇಕು ಎಂಬಂಥ ಷರತ್ತು ಮಾತ್ರ ನಿಲ್ಲುವುದಿಲ್ಲ. 2024ರ ಜುಲೈನ ಫ್ರಾಂಕ್ ವೈಟಸ್ ಕೇಸಿನಲ್ಲಿ ಅದನ್ನು ತೆಗೆದುಹಾಕಿದ್ದಾರೆ.

ಸೆಷನ್ಸ್‌ನಲ್ಲೂ ಆಗದಿದ್ದರೆ ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕು, ಕೇರಳ ಹೈಕೋರ್ಟಿರುವ ಎರ್ನಾಕುಲಕ್ಕಲ್ಲ. ಕೇಸು ಎಲ್ಲಿಯದೋ ಹೈಕೋರ್ಟೂ ಅಲ್ಲಿಯದೇ. ಹಿಂದಿನ ಅರ್ಜಿಗಳು ಯಾವಾಗ, ಎಲ್ಲಿ ವಜಾ ಆದವು ಎಂದು ಹೊಸ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಬೇಕು. ಅರ್ಜಿಗಳು ತಿಂಗಳುಗಟ್ಟಲೆ ಕೊಳೆಯಬಾರದು ಎಂದೂ ಇದೆ. 2022ರ ಸತೇಂದರ್ ಕುಮಾರ್ ಅಂತಿಲ್ ತೀರ್ಪಿನ ಪ್ರಕಾರ ಜಾಮೀನು ಅರ್ಜಿ ಎರಡು ವಾರದಲ್ಲಿ, ನಿರೀಕ್ಷಣಾ ಜಾಮೀನು ಆರು ವಾರದಲ್ಲಿ ತೀರ್ಮಾನ ಆಗಬೇಕು.

ಇನ್ನೊಂದು ದಾರಿಯನ್ನೂ ಕಣ್ಣಿಟ್ಟು ನೋಡುತ್ತಿರಿ. ಜೀವಾವಧಿಯವರೆಗೆ ಶಿಕ್ಷೆ ಇರುವ ಕೇಸಿನಲ್ಲಿ 90 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಸಣ್ಣ ಕೇಸುಗಳಲ್ಲಿ ಇದು 60 ದಿನ. ಎಣಿಕೆ ಅರೆಸ್ಟಿನ ದಿನದಿಂದ ಅಲ್ಲ, ಮ್ಯಾಜಿಸ್ಟ್ರೇಟರು ಮೊದಲು ರಿಮಾಂಡ್ ಮಾಡಿದ ದಿನದಿಂದ, ಆ ದಿನವನ್ನೂ ಸೇರಿಸಿ. ಈ ಹಕ್ಕು ತಾನಾಗಿ ಬಾಗಿಲು ತೆಗೆಯುವುದಿಲ್ಲ, ಅರ್ಜಿ ಹಾಕಬೇಕು. ಅರ್ಜಿಗೆ ಮೊದಲು ಚಾರ್ಜ್‌ಶೀಟ್ ಬಂದುಬಿಟ್ಟರೆ ಹಕ್ಕು ಹೋಯಿತು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವಕೀಲರಿಗೆ ಕೈಯಲ್ಲಿ ನೂರು ಕೇಸು, ನಿಮಗೆ ಒಂದೇ.

ನಮ್ಮ ಜಿಲ್ಲೆಯ ಓದುಗರು ಇದನ್ನೆಲ್ಲ ಎಲ್ಲ ಕೇಸಿಗೂ ಹಚ್ಚಬಾರದು ಎಂದು ಎರಡು ಮಾತು. ಕರ್ನಾಟಕದ ಪ್ಯಾಕೆಟ್ ಮದ್ಯ ತಂದು ಇಲ್ಲಿ ಸಿಕ್ಕಿಬಿದ್ದರೆ ಕೇರಳದ ಅಬ್ಕಾರಿ ಕಾಯ್ದೆ ಬರುತ್ತದೆ. ಅದರಲ್ಲಿ ಮೂರು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಆರೋಪವಿದ್ದು ಸರ್ಕಾರಿ ವಕೀಲರು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣ ಇದೆ ಎಂದು ಕೋರ್ಟಿಗೆ ಅನಿಸಬೇಕು. ಮಾದಕವಸ್ತು ಕೇಸಿನಲ್ಲಿ ತೂಕವೇ ಎಲ್ಲ. ಎಂಡಿಎಂಎ 10 ಗ್ರಾಂ, ಗಾಂಜಾ 20 ಕೆಜಿ ಮೇಲಾದರೆ ವಾಣಿಜ್ಯ ಪ್ರಮಾಣ, ಅಲ್ಲೂ ಇದೇ ಕಠಿಣ ಪರೀಕ್ಷೆ. ಕಾಸರಗೋಡಿನ ಯಾವ ಸ್ಟೇಷನ್ನಿನಲ್ಲಾದರೂ ಕನ್ನಡ ಮಾತ್ರ ಓದಬಲ್ಲವನಿಗೆ ಅರೆಸ್ಟಿನ ಕಾರಣವನ್ನು ಮಲಯಾಳದಲ್ಲಿ ಬರೆದು ಕೊಟ್ಟರೆ ಅದನ್ನು ಮೊದಲ ದಿನವೇ ಮ್ಯಾಜಿಸ್ಟ್ರೇಟರ ಮುಂದೆ ಹೇಳಿ. ಕಾರಣ ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲಿ ಇರಬೇಕು ಎಂದು 2025ರ ನವೆಂಬರಿನ ಮಿಹಿರ್ ಶಾ ತೀರ್ಪು ಹೇಳಿದೆ. ಇಲ್ಲದಿದ್ದರೆ ಅರೆಸ್ಟೇ ನಿಲ್ಲುವುದಿಲ್ಲ.

ಕೊನೆಗೆ ನಿಮ್ಮ ಚಿಕ್ಕಪ್ಪನ ಮಗ. ಬೇರೆ ರಾಜ್ಯದ ಎಫ್‌ಐಆರ್‌ಗೆ ತಾನಿರುವ ಊರಿನ ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ ಸೀಮಿತ ಅವಧಿಯ ನಿರೀಕ್ಷಣಾ ಜಾಮೀನು ಕೇಳಬಹುದು ಎಂದು 2023ರ ನವೆಂಬರಿನಲ್ಲಿ ಪ್ರಿಯಾ ಇಂದೋರಿಯಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಕೇಸಿನಲ್ಲಿ ದೂರು ರಾಜಸ್ಥಾನದ್ದು, ಜಾಮೀನು ಬೆಂಗಳೂರಿನದ್ದು. ಹಾಗಾಗಿ ಕಾಸರಗೋಡಿನ ವಿದ್ಯಾನಗರದ ಕೋರ್ಟಿನಲ್ಲಿ ಅರ್ಜಿ ಹಾಕಲು ಅಡ್ಡಿಯಿಲ್ಲ. ಆದರೆ ಆ ತನಿಖಾಧಿಕಾರಿಗೆ, ಅಲ್ಲಿನ ಸರ್ಕಾರಿ ವಕೀಲರಿಗೆ ನೋಟಿಸ್ ಹೋಗಬೇಕು. ಅಲ್ಲಿನ ಕೋರ್ಟಿಗೇ ಈಗಲೇ ಹೋಗಲು ಯಾಕಾಗುವುದಿಲ್ಲ ಎಂದು ಒಪ್ಪಿಸಬೇಕು. ನೀವು ಸಿಕ್ಕಿಬೀಳುವುದು ಇಲ್ಲೇ. ಪುಣೆಯಲ್ಲೋ ಮುಂಬೈಯಲ್ಲೋ ಇದ್ದವನಿಗೆ ಈ ಕಾರಣ ಹೇಳಬಹುದು. ಮಂಜೇಶ್ವರದಿಂದ ಕಾಸರಗೋಡಿಗಿಂತ ಮಂಗಳೂರೇ ಹತ್ತಿರ! ಸಿಕ್ಕರೂ ಅದು ಕೆಲವು ದಿನಕ್ಕೆ, ಆಮೇಲೆ ಮಂಗಳೂರಿಗೆ ಹೋಗಲೇಬೇಕು. ಎರಡು ಖರ್ಚು ಯಾಕೆ? ನೇರವಾಗಿ ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲೇ 482ರ ಅರ್ಜಿ ಹಾಕಿಸಿ. ಅರ್ಜಿ ಹಾಕಲು ಅವನೇ ಅಲ್ಲಿ ಹೋಗಿ ನಿಲ್ಲಬೇಕಾಗಿಲ್ಲ. ಅಲ್ಲಿ ಸಿಕ್ಕಿದ ನಿರೀಕ್ಷಣಾ ಜಾಮೀನು ಸಾಮಾನ್ಯವಾಗಿ ವಿಚಾರಣೆ ಮುಗಿಯುವವರೆಗೂ ನಡೆಯುತ್ತದೆ, 2020ರ ಸುಶೀಲಾ ಅಗರ್ವಾಲ್ ತೀರ್ಪಿನಿಂದ ಇದು ಸ್ಪಷ್ಟ.

ಎಫ್‌ಐಆರ್‌ನಲ್ಲಿ ಇನ್ನೂ ಹೆಸರಿಲ್ಲದಿದ್ದರೂ ಅರ್ಜಿ ಹಾಕಬಹುದು. ಆದರೆ ಬರೀ 'ಸುದ್ದಿ ಇದೆ' ಎಂದರೆ ಸಾಲದು. ಪೊಲೀಸರು ಫೋನ್ ಮಾಡಿದ್ದರೆ ದಿನ, ಸಮಯ, ಮನೆಗೆ ಬಂದಿದ್ದರೆ ಯಾವಾಗ ಎಂದು ಬರೆಯಬೇಕು. ಜಗಳದ ದಿನ ಅವನು ಎಲ್ಲಿದ್ದ ಎನ್ನುವುದಕ್ಕೆ ಬಿಲ್ಲೋ ಫೋಟೋವೋ ಇದ್ದರೆ ಸೇರಿಸಿ. ಮುಖ್ಯವಾಗಿ, ರಜೆ ಮುಗಿಯಿತೆಂದು ಅವನು ಸದ್ದಿಲ್ಲದೆ ವಿಮಾನ ಹತ್ತಬಾರದು. ಹತ್ತಿದರೆ ವಿಮಾನ ನಿಲ್ದಾಣದಲ್ಲೇ ತಡೆಯುವ ಲುಕೌಟ್ ನೋಟಿಸ್ ಬರಬಹುದು, ಮತ್ತೆ ನಿಮ್ಮ ತಮ್ಮನ ಅರ್ಜಿಯಲ್ಲೂ 'ಇವರ ಮನೆಯವನೇ ಒಬ್ಬ ಪರಾರಿ' ಎಂಬ ಸಾಲು ಸೇರುತ್ತದೆ. ವೀಸಾ ಯಾವಾಗ ಮುಗಿಯುತ್ತದೆ, ಕೆಲಸಕ್ಕೆ ಯಾವಾಗ ಹಾಜರಾಗಬೇಕು ಎಂಬುದನ್ನು ದಾಖಲೆ ಸಮೇತ ಅರ್ಜಿಯಲ್ಲೇ ಹಾಕಿ, ಹೋಗಲು ಅನುಮತಿ ಕೇಳಿ. ಪಾಸ್‌ಪೋರ್ಟ್ ಕೋರ್ಟಿಗೆ ಒಪ್ಪಿಸಿ ಬೇಕಾದಾಗ ಬಿಡಿಸಿಕೊಳ್ಳಲು ಸಿದ್ಧ ಎಂದೂ ಬರೆಯಿಸಿ.